ಜುಲೇಖಾಳ ಹಾಲಿನಲ್ಲಿ ತಪ್ಪಿರಲಿಲ್ಲ

ನಮ್ಮ ಕಡೆ ಒಂದು ಕೂಸು ಬಿಳಿಚಿಕೊಂಡರೆ ಓಣಿಗೆಲ್ಲ ಅದರ ಕಾರಣ ಗೊತ್ತಿರುತ್ತದೆ. ಒಬ್ಬರು ದೃಷ್ಟಿ ಎನ್ನುತ್ತಾರೆ. ಒಬ್ಬರು ಹಾಲು ಎನ್ನುತ್ತಾರೆ. ಇನ್ನೊಬ್ಬರು ಬಸುರಿಯಿದ್ದಾಗ ತಾಯಿ ಏನು ತಿಂದಳು, ಎಲ್ಲಿ ಕಾಲಿಟ್ಟಳು ಎಂದು ಕೇಳುತ್ತಾರೆ. ಎಲ್ಲ ಕಾರಣಗಳೂ ಸುತ್ತಿ ಸುತ್ತಿ ತಾಯಿಯ ಮುಂದೆಯೇ ಬಂದು ನಿಲ್ಲುತ್ತವೆ. ಜುಲೇಖಾಳ ಮುಂದೆಯೂ ಹಾಗೆಯೇ ಬಂದು ನಿಂತವು.

ಕಥೆ 2007ನೇ ಇಸವಿಯದು. ಊರು ನರೇಗಲ್ಲಿನ ಹತ್ತಿರದ್ದು. ಆ ಊರಿನ ಫಕೀರಸಾಬನದು ಗಾದಿ ಕಟ್ಟುವ ಮನೆತನ. ಸುಗ್ಗಿ ಮುಗಿಯಿತೆಂದರೆ ಅವನೂ ಅವನ ಹಿರಿಯ ಮಗ ಸಲಾವುದ್ದೀನನೂ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ರೋಣ, ನರಗುಂದದ ಕಡೆಗೆ ಹೊರಡುತ್ತಿದ್ದರು. ಹೋದರೆ ಎರಡು ಮೂರು ವಾರ ಮನೆ ಕಡೆ ಬರುತ್ತಿರಲಿಲ್ಲ. ಮನೆಗೇ ಬರುವ ಹಳೆಯ ಗಾದಿಗಳ ಕೆಲಸ ಹೆಂಗಸರದು. ಗಾದಿ ಬಿಚ್ಚಬೇಕು, ಗಂಟುಗಟ್ಟಿದ ಅರಳೆಯನ್ನು ಬೆರಳಿನಿಂದ ಬಿಡಿಸಬೇಕು, ಬಿಸಿಲಿಗೆ ಹರವಬೇಕು, ಮತ್ತೆ ತುಂಬಿ ದಬ್ಬಣದಿಂದ ಹೊಲಿಯಬೇಕು.

ಫಕೀರಸಾಬನ ಹೆಂಡತಿ ಮಾಲನಬಿ. ಅವಳ ತವರು ಹೊಳೆಮಣ್ಣೂರು. "ಹೊರಗಿನ ಹುಡಿಗಿ ಯಾಕ? ನಮ್ಮ ರಕ್ತ ನಮ್ಮ ಮನ್ಯಾಗ ಇರಲಿ" ಎಂದು ತನ್ನ ಸ್ವಂತ ಅಣ್ಣನ ಮಗಳು ಜುಲೇಖಾಳನ್ನೇ ಸಲಾವುದ್ದೀನನಿಗೆ ತಂದುಕೊಂಡಿದ್ದಳು. ಹಾಗಾಗಿ ಜುಲೇಖಾಳಿಗೆ ಅವಳು ಎರಡು ಕಡೆಯಿಂದಲೂ ಅತ್ತೆ. ಮದುವೆಯಾದ ಎರಡನೇ ವರ್ಷ ಗಂಡುಮಗು ಹುಟ್ಟಿತು. ನವಾಜ ಎಂದು ಹೆಸರಿಟ್ಟರು. ಕೆಂಪಗೆ ಗುಂಡಗಿದ್ದ ಕೂಸು. ಎತ್ತಿಕೊಂಡವರಿಗೆಲ್ಲ ತೊಡೆಯ ಮೇಲೆ ಒದ್ದು ನಗುತ್ತಿತ್ತು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಸತ್ತವರು ಮಲಗಿದ್ದ ಗಾದಿ ಹಿಂಜಲು ಬಂದರೆ ಹಾಲುಣಿಸುವ ಹೆಂಗಸು ಅದಕ್ಕೆ ಕೈ ಹಚ್ಚುವ ಹಾಗಿಲ್ಲ. ಆ ಅರಳೆಯ ಧೂಳು ಎದೆಗೆ ಇಳಿದರೆ ಹಾಲು ಕೆಡುತ್ತದೆ ಎಂಬ ನಂಬಿಕೆ. ಮಾಲನಬಿಗೆ ಅವಳ ಅತ್ತೆ ಹೇಳಿದ್ದು. ಆ ಅತ್ತೆಗೆ ಯಾರು ಹೇಳಿದ್ದರೋ.

ನವಾಜನಿಗೆ ಐದು ತಿಂಗಳಿದ್ದಾಗ ಮಾಲನಬಿ ಗಾದಿಯ ಬಟ್ಟೆ ತರಲು ಗಜೇಂದ್ರಗಡಕ್ಕೆ ಹೋಗಿ ಎರಡು ದಿನ ಅಲ್ಲೇ ಉಳಿದಳು. ಗಂಡಸರು ಊರಲ್ಲಿರಲಿಲ್ಲ. ಆಗ ನರೇಗಲ್ಲಿನ ಕಾಳಿನ ವ್ಯಾಪಾರಿ ಹೂವಪ್ಪ ಗಾಡಿಯ ಮೇಲೆ ಒಂದು ಗಾದಿ ತಂದು ಇಳಿಸಿದ.

"ನಮ್ಮ ಅಪ್ಪಾರ ಗಾದಿ ಇದು. ಅವರು ಹೋಗಿ ತಿಂಗಳಾತು. ನಾಡದ ಬೀಗರು ಬರಾವ್ರದಾರ, ಲಗೂನ ಮಾಡಿಕೊಡವಾ ತಂಗಿ" ಎಂದ.

ಜುಲೇಖಾ ಬಾಗಿಲಲ್ಲಿ ನಿಂತು ಗಾದಿಯನ್ನು ನೋಡಿದಳು. ಒಲ್ಲೆ ಎಂದರೆ ಗಿರಾಕಿ ತಪ್ಪುತ್ತದೆ, ಹೂಂ ಎಂದರೆ ಕಟ್ಟಳೆ ತಪ್ಪುತ್ತದೆ. ಕೇಳಲು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ಗಾದಿ ಬಿಚ್ಚಿದಳು. ಪಕ್ಕದಲ್ಲಿ ತೊಟ್ಟಿಲು. ಇಡೀ ಮಧ್ಯಾಹ್ನ ಅರಳೆ ಬಿಡಿಸಿದಳು. ನಡುವೆ ಕೂಸು ಅತ್ತಾಗ ಕೈ ತೊಳೆದು ಬಂದು ಹಾಲು ಕೊಟ್ಟಳು.

ಮುಂದಿನ ತಿಂಗಳು ನವಾಜ ಬಿಳಿಚಿಕೊಳ್ಳತೊಡಗಿದ.

ಮೊದಲು ತುಟಿ, ಆಮೇಲೆ ಅಂಗೈ. ಒದೆಯುವುದನ್ನು ಬಿಟ್ಟ. ಹಾಲು ಕುಡಿಯುತ್ತಿದ್ದವನು ನಡುವೆಯೇ ದಣಿದು ಬಾಯಿ ಬಿಡುತ್ತಿದ್ದ. ಆಗಾಗ ಜ್ವರ. ಹೊಟ್ಟೆಯೊಂದು ಮಾತ್ರ ದಿನೇ ದಿನೇ ಮುಂದೆ ಬಂತು.

ಗಾದಿಯ ಸಂಗತಿ ಮುಚ್ಚಿಟ್ಟಿದ್ದು ಬಹಳ ದಿನ ಉಳಿಯಲಿಲ್ಲ. ನರೇಗಲ್ಲಿನ ಸಂತೆಯಲ್ಲಿ ಹೂವಪ್ಪನೇ ಮಾಲನಬಿಗೆ ಸಿಕ್ಕು, "ನಿಮ್ಮ ಸೊಸಿ ಕೈಗುಣ ಭಾಳ ಚಲೋ ಐತ್ರಿ. ನಮ್ಮಪ್ಪನ ಗಾದಿ ಹೊಸಾದು ಆದಂಗ ಆತು" ಎಂದು ಹೊಗಳಿದ. ಮಾಲನಬಿ ಕೊಂಡ ಕಾಯಿಪಲ್ಲೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

"ಸತ್ತವರ ಗಾದಿ ಮುಟ್ಟೀಯೇನ?"

ಜುಲೇಖಾ ಅರಳೆ ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ಕೇಳಾಕತ್ತೀನಿ. ಮುಟ್ಟೀಯೋ ಇಲ್ಲೋ?"

"ಮುಟ್ಟೀನ್ರಿ ಅತ್ತಿ."

"ಮುಟ್ಟಿದ ಕೈಲೆ ನನ್ನ ಮೊಮ್ಮಗಗ ಹಾಲು ಕುಡಿಸೀ. ನನ್ನ ಅಣ್ಣನ ಹೊಟ್ಟ್ಯಾಗ ಹುಟ್ಟಿ ಹಿಂಥಾ ಕೆಲಸ ಮಾಡಿದೆಲ್ಲ! ಹೊರಗಿನಾಕಿ ಆಗಿದ್ರ ಒಂದು ಮಾತು ಬೈದು ಬಿಡತಿದ್ನಿ."

ಅಂದಿನಿಂದ ಕೂಸನ್ನು ಅವಳಿಂದ ಬಿಡಿಸಿದರು. ಒಂದು ಆಡು ಕೊಂಡು ತಂದರು. ದಿನಾ ಬೆಳಿಗ್ಗೆ ಆ ಆಡನ್ನು ಹಿಂಡುವವಳು ಜುಲೇಖಾಳೇ. ಹಿಂಡಿದ ಹಾಲನ್ನು ಹೊಸ್ತಿಲಲ್ಲಿ ಇಟ್ಟರೆ ಮಾಲನಬಿ ಬಂದು ಒಳಗೆ ಒಯ್ಯುತ್ತಿದ್ದಳು. ಕೂಸು ಅಳುವುದು ಕೇಳಿದರೆ ಜುಲೇಖಾಳ ಎದೆ ತಾನಾಗಿ ತೊಯ್ಯುತ್ತಿತ್ತು. ಹಿತ್ತಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತು, ತನ್ನ ಹಾಲನ್ನು ನುಗ್ಗೆಗಿಡದ ಬುಡಕ್ಕೆ ಹಿಂಡಿ ಬರುತ್ತಿದ್ದಳು.

ಸಲಾವುದ್ದೀನ ಊರಿಗೆ ಬಂದಾಗ ಹೆಂಡತಿಯನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಮಾತೂ ಆಡಲಿಲ್ಲ. ಉಂಡ ತಾಟನ್ನು ತಾನೇ ತೊಳೆದಿಟ್ಟ. ಅದು ಅವಳಿಗೆ ಹೊಡೆತಕ್ಕಿಂತ ಹೆಚ್ಚು ಹತ್ತಿತು. ಓಣಿಯ ಹೆಂಗಸರು ನಳದ ಹತ್ತಿರ ತಮ್ಮ ಕೂಸುಗಳನ್ನು ಇನ್ನೊಂದು ಬಗಲಿಗೆ ಬದಲಿಸಿಕೊಳ್ಳುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಹೆದರಿಕೆಯಿಂದ. ಅವಳು ಜನರಿಲ್ಲದ ಹೊತ್ತು ನೋಡಿ ನೀರಿಗೆ ಹೋಗುವುದನ್ನು ಕಲಿತಳು.

ಎಲ್ಲಕ್ಕಿಂತ ದೊಡ್ಡ ಕಷ್ಟ ಬೇರೆಯೇ ಇತ್ತು. ಜನ ಅಂದದ್ದನ್ನು ಜುಲೇಖಾಳೂ ನಂಬಿದ್ದಳು. ತನ್ನ ಪರವಾಗಿ ಆಡಲು ಅವಳ ಹತ್ತಿರವೇ ಒಂದು ಮಾತಿರಲಿಲ್ಲ. ಆ ಮಧ್ಯಾಹ್ನ ಕೈಯನ್ನು ಇನ್ನೊಂದು ಸಲ ತೊಳೆದಿದ್ದರೆ ಎಂದು ಯೋಚಿಸುತ್ತಾ ಕೂಡುತ್ತಿದ್ದಳು.

ಎರಡು ತಿಂಗಳು ಆಡಿನ ಹಾಲು ಕುಡಿದರೂ ನವಾಜ ಕೆಂಪಾಗಲಿಲ್ಲ. ಮಾಲನಬಿಗೆ ಆಗಲಾದರೂ ಅನುಮಾನ ಬರಬೇಕಿತ್ತು. ಅವಳು ಇನ್ನೊಂದು ಕಾರಣ ಹುಡುಕಿದಳು. "ಆಕೀ ನೆರಳು ಬೀಳತೈತಿ. ಮುಂದಿನ ಶುಕ್ರವಾರ ನಮ್ಮ ಅಣ್ಣ ಬಂದು ಆಕೀನ್ನ ಹೊಳೆಮಣ್ಣೂರಿಗೆ ಕರಕೊಂಡು ಹೋಗಲಿ. ಕೂಸು ಇಲ್ಲೇ ಇರಲಿ" ಎಂದು ತೀರ್ಮಾನ ಮಾಡಿದಳು. ಫಕೀರಸಾಬ ಗಡ್ಡ ಕೆರೆದುಕೊಂಡ. ಬೇಡ ಎನ್ನಲಿಲ್ಲ.

ಆ ವಾರವೇ ನರ್ಸಬಾಯಿ ಉಮಾಶ್ರೀ ಚುಚ್ಚುಮದ್ದಿನ ಡಬ್ಬಿ ಹಿಡಿದು ಓಣಿಗೆ ಬಂದಳು. ಒಂಬತ್ತು ತಿಂಗಳು ತುಂಬಿದ ಕೂಸುಗಳಿಗೆ ದಡಾರದ ಲಸಿಕೆ ಹಾಕುವುದಿತ್ತು. ನವಾಜನ ತೋಳು ಹಿಡಿದವಳು ಹಾಗೇ ನಿಂತಳು. ಅವನ ಅಂಗೈಯನ್ನು ತನ್ನ ಅಂಗೈ ಪಕ್ಕ ಇಟ್ಟು ನೋಡಿದಳು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದಳು. ಹೊಟ್ಟೆಯ ಎಡಗಡೆ ಒತ್ತಿದಳು. ಗಟ್ಟಿಯಾಗಿತ್ತು.

"ಅಮ್ಮಾರ, ಎರಡು ತಿಂಗಳ ಹಿಂದ ನಾ ಕೊಟ್ಟ ಕಬ್ಬಿಣದ ಟಾನಿಕ್ ಹಾಕಿದ್ರೇನು?"

"ಎರಡು ಬಾಟ್ಲಿ ಖಾಲಿ ಆಗ್ಯಾವ. ಗುಣ ಇಲ್ಲ, ಏನಿಲ್ಲ. ನಿಮ್ಮ ಔಷಧಿ ಹಂಗ, ನಿಮ್ಮ ಮಾತು ಹಂಗ, ಎರಡೂ ಭಾಳ ಸಿಹಿ" ಎಂದಳು ಮಾಲನಬಿ.

ಉಮಾಶ್ರೀ ಬೇಜಾರು ಮಾಡಿಕೊಳ್ಳಲಿಲ್ಲ. "ತಪ್ಪು ನಂದೂ ಐತ್ರಿ. ಎರಡು ತಿಂಗಳು ಕಬ್ಬಿಣ ಕೊಟ್ಟರೂ ರಕ್ತ ಏರಲಿಲ್ಲ ಅಂದ್ರ ಇದು ಕಬ್ಬಿಣ ಕಡಿಮಿ ಆಗಿ ಬಂದದ್ದಲ್ಲ. ನಾ ಮೊದಲ ರಕ್ತ ನೋಡಿಸಬೇಕಿತ್ತು. ಟಾನಿಕ್ ಇವತ್ತಿಗೆ ಬಂದ್ ಮಾಡ್ರಿ. ನಾಳೆ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಹೋಗೂಣು."

"ಹುಬ್ಬಳ್ಳ್ಯಾಗ ಏನು ಮಾಡ್ತಾರ? ಕೆಟ್ಟ ಹಾಲಿಗೆ ಅವರ ಹತ್ರ ಔಷಧಿ ಐತೇನು?"

"ಹಾಲು ಕೆಟ್ಟೈತಿ ಅಂತ ಯಾರಂದ್ರು?"

"ಯಾರ ಯಾಕ ಅನ್ನಬೇಕ್ರಿ? ಕಣ್ಣಿಲೆ ಕಾಣತೈತಲ್ಲ. ಗಾದಿ ಮುಟ್ಟೂದಕ್ಕೂ ಕೂಸು ಬಿಳುಪು ಆಗೂದಕ್ಕೂ ಒಂದ ತಿಂಗಳ ಫರಕ."

ಉಮಾಶ್ರೀ ಹಿತ್ತಲಿನ ಬಾಗಿಲ ಕಡೆ ನೋಡಿದಳು. ಜುಲೇಖಾ ಅಲ್ಲಿ ಆಡಿನ ಹಗ್ಗ ಹಿಡಿದು ನಿಂತಿದ್ದಳು.

"ನಾಳೆ ತಾಯಿನೂ ಬರಬೇಕು, ತಂದಿನೂ ಬರಬೇಕು. ಇಬ್ಬರ ರಕ್ತಾನೂ ನೋಡ್ತಾರ."

"ಆಕಿ ಯಾಕ? ಆಕೀನ್ನ ಶುಕ್ರವಾರ ಕಳಸೂದೈತಿ."

"ಶುಕ್ರವಾರಕ್ಕ ಇನ್ನೂ ನಾಕು ದಿನ ಐತಿ ಅಲ್ರಿ? ಒಂದು ದಿನ ನನಗ ಕೊಡ್ರಿ" ಎಂದು ಉಮಾಶ್ರೀ ನಕ್ಕಳು.

ಮರುದಿನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಮಾಲನಬಿ, ಅವಳ ತೊಡೆಯ ಮೇಲೆ ನವಾಜ. ಪಕ್ಕದಲ್ಲಿ ಸಲಾವುದ್ದೀನ, ಆಚೆ ಉಮಾಶ್ರೀ. ಜುಲೇಖಾ ಮೂರು ಸೀಟು ಹಿಂದೆ ಕಿಟಕಿಗೆ ಕುಳಿತಳು. ಗದಗಿನಲ್ಲಿ ಬಸ್ಸು ಬದಲಿಸುವಾಗಲೂ ಹಿಂದೆಯೇ ಉಳಿದಳು. ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಅತ್ತೆಯ ಹೆಗಲಾಚೆಗೆ ಮಗನ ಪುಟ್ಟ ತಲೆಯ ಹಿಂಭಾಗ. ಒಮ್ಮೆ ಕೂಸು ತಿರುಗಿ ಅವಳ ಕಡೆ ನೋಡಿತು. ಗುರುತು ಸಿಕ್ಕಿತೋ ಇಲ್ಲವೋ, ಮತ್ತೆ ಆ ಕಡೆ ಹೊರಳಿತು.

ದವಾಖಾನೆಯಲ್ಲಿ ಕೂಸಿನದು, ತಾಯಿಯದು, ತಂದೆಯದು ಮೂವರ ರಕ್ತ ತೆಗೆದರು. ನವಾಜನ ಮೈಯಲ್ಲಿ ರಕ್ತ ಬಹಳ ಕಡಿಮೆಯಿತ್ತು. ಅಂದೇ ಒಳಗೆ ಸೇರಿಸಿಕೊಂಡು, ಹೊಂದುವ ರಕ್ತವನ್ನು ಹನಿಹನಿಯಾಗಿ ಏರಿಸಿದರು. ಮೂರು ದಿನದ ಮೇಲೆ ಊರಿಗೆ ಕಳಿಸಿದರು. ಅವನ ತುಟಿಗೆ ಬಣ್ಣ ಬಂದಿತ್ತು. ರಕ್ತ ನೋಡಿದ ಕಾಗದ ಕೈಗೆ ಸಿಗಲು ಇನ್ನೂ ಹೊತ್ತಾಗುತ್ತದೆ ಎಂದರು. "ಕಾಗದ ಬರೂ ಮಟ ಆಕೀನ್ನ ಕಳಸಬ್ಯಾಡ್ರಿ" ಎಂದು ಉಮಾಶ್ರೀ ಕೇಳಿಕೊಂಡಳು. ಶುಕ್ರವಾರ ಒಂದು ವಾರ ಮುಂದೆ ಹೋಯಿತು, ಅಷ್ಟೆ.

ಆ ವಾರ ಜುಲೇಖಾ ತನ್ನ ಎರಡು ಸೀರೆಗಳನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಂಡಳು. ಯಾರೂ ಹೇಳಿರಲಿಲ್ಲ.

ಗುರುವಾರ ಉಮಾಶ್ರೀ ಕಾಗದ ಹಿಡಿದು ಬಂದಳು. ಫಕೀರಸಾಬ ಅಂಗಳದಲ್ಲಿ ಕುಳಿತು ಗಾದಿ ಹೊಲಿಯುತ್ತಿದ್ದ. ಅವನ ಪಕ್ಕದಲ್ಲಿ ದಬ್ಬಣಗಳ ತಗಡಿನ ಡಬ್ಬಿ ತೆರೆದಿತ್ತು. ಸಲಾವುದ್ದೀನ ದಾರಕ್ಕೆ ಮೇಣ ಹಚ್ಚುತ್ತಿದ್ದ. ಮಾಲನಬಿಯ ತೊಡೆಯ ಮೇಲೆ ಕೂಸು.

"ಇದಕ್ಕ ಥಲಸ್ಸೀಮಿಯಾ ಅಂತಾರ್ರಿ" ಎಂದಳು ಉಮಾಶ್ರೀ. "ಕೂಸಿನ ಮೈ ತನಗ ಬೇಕಾದ ಕೆಂಪು ರಕ್ತ ಮಾಡಿಕೊಳ್ಳೂದಿಲ್ಲ. ಅದು ಹಾಲಿನಿಂದ ಬಂದದ್ದಲ್ಲ, ಧೂಳಿನಿಂದ ಬಂದದ್ದಲ್ಲ. ಹುಟ್ಟೂ ಮುಂಚೆನ ಬಂದದ್ದು."

"ಹುಟ್ಟೂ ಮುಂಚೆ ಬಂದಿದ್ರ ಹುಟ್ಟಿದಾಗ ಯಾಕ ಕೆಂಪಗಿತ್ತು?" ಮಾಲನಬಿ ಕೇಳಿದಳು. "ಐದು ತಿಂಗಳು ಎಲ್ಲಿ ಅಡಗಿ ಕುಂತಿತ್ತು ನಿಮ್ಮ ರೋಗ? ನಮ್ಮ ಮಂದಿ ಓದಿಲ್ಲ ಅಂತ ಏನರ ಹೇಳಬ್ಯಾಡ್ರಿ ಬಾಯಾರ."

ಪ್ರಶ್ನೆ ಸರಿಯಾದದ್ದೇ. ಉಮಾಶ್ರೀ ಅಂಗಳದಲ್ಲಿ ಸುತ್ತ ನೋಡಿದಳು. ಆಮೇಲೆ ಅವಳ ಕಣ್ಣು ದಬ್ಬಣದ ಡಬ್ಬಿಯ ಮೇಲೆ ಬಿತ್ತು.

"ಫಕೀರಸಾಬರ, ಈ ಡಬ್ಬಿ ಈ ಕಡೆ ಕೊಡ್ರಿ. ಇದರಾಗ ಎಷ್ಟು ನಮೂನಿ ದಬ್ಬಣ ಅದಾವ?"

"ಭಾಳ ಅದಾವ್ರಿ. ಅಂಚಿಗೆ ಒಂದು, ನಡುವ ಟಾಕಿ ಹೊಲಿಗಿ ಹಾಕಾಕ ಒಂದು, ದಿಂಬಿಗೆ ಸಣ್ಣದು."

"ಎಲ್ಲಾ ಒಮ್ಮೆಲೆ ಹೊರಗ ತಗೀತೀರೇನು?"

"ಒಮ್ಮೆಲೆ ತಗದು ಏನು ಮಾಡೂದು? ಯಾವ ಕೆಲಸ ಬಂತೋ ಆ ದಬ್ಬಣ ತಗಿಯೂದು. ಉಳಿದದ್ದು ಡಬ್ಬ್ಯಾಗ."

"ನಮ್ಮ ಮೈನೂ ಹಂಗ್ರಿ. ಮೈಯ ಕಣಕಣಕ್ಕೂ ಇಂಥಾದೊಂದು ಡಬ್ಬಿ ಐತಿ. ಅದರಾಗಿನ ದಬ್ಬಣಕ್ಕ ಡಾಕ್ಟರ ವಂಶವಾಹಿ ಅಂತಾರ. ಕಣ್ಣು ತನಗ ಬೇಕಾದದ್ದು ತಗೀತೈತಿ, ಚರ್ಮ ತನಗ ಬೇಕಾದದ್ದು. ಕೆಲವು ದಬ್ಬಣ ಒಂದು ವಯಸ್ಸಿಗೆ ಹೊರಗ ಬರತಾವ, ಆಮ್ಯಾಲ ಒಳಗ ಹೋಗತಾವ. ಹೊಟ್ಟ್ಯಾಗಿದ್ದಾಗ ಕೂಸು ರಕ್ತ ಮಾಡಾಕ ಬ್ಯಾರೆ ದಬ್ಬಣ ಹಿಡಿದಿರತೈತಿ. ಅದು ನವಾಜಂದು ಚಲೋನ ಇತ್ತು. ಅದಕ್ಕ ಕೆಂಪಗ ಹುಟ್ಟಿದ. ಹುಟ್ಟಿದ ಮ್ಯಾಲ ಆ ದಬ್ಬಣ ಮೆಲ್ಲಕ ಡಬ್ಬ್ಯಾಗ ಹೋಗತೈತಿ. ನಾಕಾರು ತಿಂಗಳಾಗೂದ್ರಾಗ ದೊಡ್ಡವರ ದಬ್ಬಣ ಹೊರಗ ಬರಬೇಕು. ನಿಮ್ಮ ಮೊಮ್ಮಗನ ಮೈ ಆ ದಬ್ಬಣ ತಗದು ನೋಡಿತು. ಕಣ್ಣು ಮುರದಿತ್ತು. ದಾರ ಹ್ಯಾಂಗ ಹೋಗಬೇಕು?"

ಫಕೀರಸಾಬ ಕೈಯಲ್ಲಿದ್ದ ದಬ್ಬಣದ ಕಣ್ಣನ್ನು ನೋಡಿದ.

"ಅಂದ್ರ, ಆ ಗಾದಿ ಬರದಿದ್ರೂ..."

"ಬರದಿದ್ರೂ ಆರನೇ ತಿಂಗಳಿಗೆ ಬಿಳುಪು ಆಗತಿದ್ದ. ಜುಲೇಖಾ ಆವತ್ತು ಕೈ ಮುಟ್ಟಿಸದ ಕುಂತಿದ್ರೂ ಆಗತಿದ್ದ."

ಹಿತ್ತಲಿನ ಬಾಗಿಲ ಹಿಂದಿನಿಂದ ಒಂದು ಸದ್ದು ಬಂತು. ಜುಲೇಖಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಮಾಲನಬಿ ಅಷ್ಟಕ್ಕೆ ಬಿಡುವವಳಲ್ಲ. "ಆತು. ಮುರದ ದಬ್ಬಣನ ಅನ್ನೂಣು. ಕೊಟ್ಟಾಕಿ ಯಾರು? ತಾಯಿ ಅಲ್ಲೇನು?"

"ಒಂದು ತಾಯಿ ಕೊಟ್ಟಾಳ, ಒಂದು ನಿಮ್ಮ ಮಗ ಕೊಟ್ಟಾನ."

ಸಲಾವುದ್ದೀನ ದಾರದ ಉಂಡೆ ಕೆಳಗಿಟ್ಟು ತೋಳು ಮುಂದೆ ಮಾಡಿದ. "ನನ್ನ ಮೈ ನೋಡ್ರಿ, ಕಲ್ಲಿದ್ದಂಗ ಐತಿ. ನನಗೆಲ್ಲಿ ರೋಗ?"

"ನಿಮಗ ರೋಗ ಇಲ್ಲ ಅಣ್ಣಾರ, ನಿಮ್ಮ ಹೆಂಡತಿಗೂ ಇಲ್ಲ. ಒಂದೊಂದು ಕೆಲಸಕ್ಕೂ ಜೋಡಿ ದಬ್ಬಣ ಇರತಾವ. ಒಂದು ಅಪ್ಪಂದು, ಒಂದು ಅವ್ವಂದು. ನಿಮ್ಮ ಜೋಡ್ಯಾಗ ಒಂದು ಚಲೋ ಐತಿ, ಒಂದು ಮುರದೈತಿ. ಚಲೋ ಇದ್ದದ್ದು ಕೆಲಸ ನಡಸತೈತಿ. ಮುರದದ್ದು ಡಬ್ಬ್ಯಾಗ ಐತಿ ಅನ್ನೂದು ನಿಮಗ ಗೊತ್ತ ಆಗೂದಿಲ್ಲ. ಜುಲೇಖಾಂದೂ ಹಂಗ. ಕಾಗದದಾಗ ಬರದಾರ, ನೋಡ್ರಿ."

ಫಕೀರಸಾಬ ಡಬ್ಬಿಯಿಂದ ಎರಡು ಒಳ್ಳೆಯ ದಬ್ಬಣ, ಎರಡು ಮುರಿದ ದಬ್ಬಣ ಆರಿಸಿ ತೆಗೆದ. ಒಳ್ಳೆಯದೊಂದು, ಮುರಿದದ್ದೊಂದು ಸೇರಿದ ಜೋಡಿಯನ್ನು ಎಡಕ್ಕೆ, ಅಂಥದೇ ಇನ್ನೊಂದು ಜೋಡಿಯನ್ನು ಬಲಕ್ಕೆ ಇಟ್ಟ. ಕಣ್ಣು ಮುಚ್ಚಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಎತ್ತಿದ. ಎರಡೂ ಒಳ್ಳೆಯವು. ಮತ್ತೆ ಇಟ್ಟು ಎತ್ತಿದ. ಒಂದು ಒಳ್ಳೆಯದು, ಒಂದು ಮುರಿದದ್ದು. ಮತ್ತೆ ಎತ್ತಿದ. ಮತ್ತೂ ಒಮ್ಮೆ ಎತ್ತಿದ. ಎರಡೂ ಮುರಿದವು.

"ಹಿಂಗ ನವಾಜಗ ಬಂತು" ಎಂದ ಮೆಲ್ಲಗೆ.

"ಹೌದ್ರಿ. ನಾಕರಾಗ ಒಂದು ಸಲ ಹಂಗ ಬರಬಹುದು. ಮುಂದಿನ ಕೂಸಿಗೂ ಅಷ್ಟ ಅಂಜಿಕಿ. ಇದು ಯಾರೂ ಬೇಕಂತ ಕೊಡೂದಲ್ಲ. ಒಬ್ಬೊಬ್ಬರ ಡಬ್ಬಿ ಒಂದೊಂದು ನಮೂನಿ ಇರೂದ ಸೃಷ್ಟಿ. ಅದಕ್ಕ ಒಂದ ಮನ್ಯಾಗ ಸಲಾವುದ್ದೀನ ಉದ್ದ, ಅವನ ತಮ್ಮ ಮುರ್ತುಜಾಸಾಬ ಗಿಡ್ಡ."

"ಗಿಡ್ಡ ಆದ್ರೂ ಉಣ್ಣೂದ್ರಾಗ ಅವನ ಉದ್ದ" ಎಂದ ಫಕೀರಸಾಬ. ಯಾರೂ ನಗಲಿಲ್ಲ. ಅವನೇ ಮುಂದುವರಿಸಿದ. "ನಲವತ್ತು ವರ್ಷ ಅರಳಿ ಹಿಡಿದೀನ್ರಿ. ಒಂದ ಬೀಜ ಎರಿ ಹೊಲದ ಕರಿ ಮಣ್ಣಾಗ ಬೆಳದದ್ದು ಕೈಗೆ ಒಂದು ನಮೂನಿ ಹತ್ತತೈತಿ, ಮಸಾರಿ ಹೊಲದ ಕೆಂಪ ಮಣ್ಣಾಗ ಬೆಳದದ್ದು ಇನ್ನೊಂದು ನಮೂನಿ. ಚಲೋ ಊಟ ಹಾಕಿದ್ರ ಕೂಸೂ ಹಂಗ ಸುಧಾರಸೂದಿಲ್ಲೇನು?"

"ನೀವು ಅಂದದ್ದು ಖರೇ. ನೆಲ, ನೀರು, ಊಟ ನೋಡಿ ದಬ್ಬಣ ಹೆಚ್ಚು ಕಡಿಮಿ ಹೊರಗ ಬರತಾವ. ಆದ್ರ ಕಣ್ಣು ಮುರದದ್ದನ್ನ ಊಟ ನೆಟ್ಟಗ ಮಾಡೂದಿಲ್ಲ. ಕಬ್ಬಿಣದ ಔಷಧಿ ಅಂತೂ ಬ್ಯಾಡ. ರಕ್ತ ಏರಿಸಿದಾಗ ಮೈಯಾಗ ಮೊದಲ ಕಬ್ಬಿಣ ಕೂಡತೈತಿ. ಮೂರು ನಾಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಕೂಡಿದ ಕಬ್ಬಿಣ ಇಳಿಸಾಕ ಮುಂದ ಬ್ಯಾರೆ ಔಷಧಿ ಕೊಡ್ತಾರ. ತಪ್ಪದ ನಡಿಸಿದ್ರ ನವಾಜ ಸಾಲಿಗೂ ಹೋಗ್ತಾನ, ಆಡ್ತಾನ."

"ಎಷ್ಟು ದಿನ ಏರಿಸೂದು?" ಎಂದ ಸಲಾವುದ್ದೀನ.

ಉಮಾಶ್ರೀ ಸುಳ್ಳು ಹೇಳಲಿಲ್ಲ. "ಜೀವ ಇರೂ ಮಟರಿ. ಕೆಲವು ಕೂಸುಗಳಿಗೆ ದೊಡ್ಡ ಊರಾಗ ಎಲುಬಿನ ಮಜ್ಜಿ ಬದಲಿ ಮಾಡೂ ಇನ್ನೊಂದು ಚಿಕಿತ್ಸಾ ಐತಿ, ಅದು ಎಲ್ಲಾರಿಗೂ ಹೊಂದೂದಿಲ್ಲ. ಡಾಕ್ಟರ ಹೇಳ್ತಾರ."

ಮಾಲನಬಿ ಮುರಿದ ದಬ್ಬಣವೊಂದನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸುತ್ತಿದ್ದಳು.

"ಸಲಾವುದ್ದೀನಗ ಇದನ್ನ ಯಾರು ಕೊಟ್ಟರು?" ಎಂದು ಕೇಳಿದಳು. ದನಿ ಮೊದಲಿನಂತಿರಲಿಲ್ಲ.

"ಅವರಪ್ಪ ಕೊಟ್ಟಿರಬೇಕು, ಇಲ್ಲಾ ನೀವು. ರಕ್ತ ನೋಡಿಸಿದ್ರ ಗೊತ್ತಾಗತೈತಿ. ಜುಲೇಖಾಗ ಅವರಪ್ಪ ಕೊಟ್ಟಿದ್ರ... ಅವರು ನಿಮ್ಮ ಒಡಹುಟ್ಟಿದವರು. ರಕ್ತಸಂಬಂಧದಾಗ ಮದುವಿ ಮಾಡಿದ್ರ ಒಂದ ಮನಿಯ ಮುರದ ದಬ್ಬಣ ಎರಡು ಕಡಿಯಿಂದ ಬಂದು ಕೂಡೂದು ಹೆಚ್ಚು."

"ಬ್ಯಾರೆ ನೋಡಿಸೂದು ಬ್ಯಾಡ" ಎಂದಳು ಮಾಲನಬಿ. "ನನಗ ಗೊತ್ತೈತಿ."

ಎಲ್ಲರೂ ಅವಳತ್ತ ನೋಡಿದರು.

"ನಮ್ಮವ್ವಗ ನಾನು, ನಮ್ಮಣ್ಣ ಇಬ್ಬರ ಉಳಿದವರು. ನಡುವ ಎರಡು ಕೂಸು ಹೋದು. ಹುಟ್ಟಿದಾಗ ಎರಡೂ ಗುಲಾಲಿನ ಹಂಗ ಇದ್ದು. ವರ್ಷ ತುಂಬೂದ್ರಾಗ ಬಿಳೇ ಅರಳಿ ಆದು. ಹೊಟ್ಟಿ ಹಿಂಗ ಮುಂದ ಬಂದಿತ್ತು. ಹೊಳಿ ದಾಟಿ ಬಂದ ಹೆಣ್ಣು, ಆಕಿ ಹಾಲು ನಮ್ಮ ಮನಿಗೆ ಹೊಂದೂದಿಲ್ಲ ಅಂದ್ರು ಮಂದಿ. ನಮ್ಮವ್ವ ದನದ ಕೊಟ್ಟಿಗ್ಯಾಗ ಒಬ್ಬಾಕಿನ ಮಲಗತಿದ್ಲು. ನಾ ಸಣ್ಣಾಕಿ. ಬುತ್ತಿ ಕೊಡಾಕ ಹೋಗಿ, ಅವ್ವಾ ನಿನ್ನ ಹಾಲು ಯಾಕ ಕೆಟ್ಟೈತಿ ಅಂತ ನಾನೂ ಕೇಳೀನಿ."

ಅವಳು ದಬ್ಬಣವನ್ನು ಕೆಳಗಿಟ್ಟಳು.

"ಏನಂದ್ರು ನಿಮ್ಮ ಅವ್ವ?" ಎಂದಳು ಉಮಾಶ್ರೀ.

"ಏನೂ ಅನಲಿಲ್ಲ. ಬುತ್ತಿ ತಗೊಂಡ್ಲು."

ಮಾಲನಬಿ ಎದ್ದಳು. ಮಂಡಿ ಹಿಡಿದುಕೊಂಡು, ಕೂಸನ್ನು ಬಗಲಲ್ಲಿಟ್ಟುಕೊಂಡು ಹಿತ್ತಲಿನ ಬಾಗಿಲಿಗೆ ಹೋದಳು. ಜುಲೇಖಾ ಹೆದರಿ ಗೋಡೆಗೆ ಸರಿದಳು.

"ತಗೋ" ಎಂದಳು ಮಾಲನಬಿ.

ಜುಲೇಖಾ ಕೈ ಚಾಚಲಿಲ್ಲ. ಎರಡು ತಿಂಗಳಿಂದ ಆ ಕೈಗಳಿಗೆ ರೂಢಿ ತಪ್ಪಿತ್ತು.

"ತಗೋ ಅಂದ್ನೆಲ್ಲ. ಹಾಲು ಐತೋ, ಬತ್ತೈತೋ?"

"ಐತ್ರಿ ಅತ್ತಿ."

"ಕೊಡು ಹಂಗಾರ. ನಾ ತಪ್ಪು ಅಂದೀನಿ ನಿನಗ. ನಮ್ಮ ಅಣ್ಣಗೂ ನಾನ ಹೇಳ್ತೀನಿ, ಕರಕೊಂಡು ಹೋಗೂದು ಏನೂ ಬ್ಯಾಡ ಅಂತ."

ನವಾಜ ಮೊದಲು ತಾಯಿಯ ತೋಳಲ್ಲಿ ಅತ್ತ. ಅಜ್ಜಿಯ ಕಡೆಗೆ ಕೈ ಚಾಚಿದ. ಜುಲೇಖಾ ಅಳುವುದನ್ನು ತಡೆದುಕೊಂಡು ಕಾದಳು. ಅಂದು ಅವನು ಎದೆಗೆ ಬಾಯಿ ಹಚ್ಚಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಹಚ್ಚಿದ.

ಆ ವರ್ಷವೇ ಮಾಲನಬಿಯ ಕಿರಿಯ ಮಗ ಮುರ್ತುಜಾಸಾಬನಿಗೆ ಜುಲೇಖಾಳ ತಂಗಿ ನಾಜಮೀನಳನ್ನು ತರುವುದೆಂದು ಮಾತಾಗಿತ್ತು. ಹೊಳೆಮಣ್ಣೂರಿನಿಂದ ಅಣ್ಣ ಬಂದಾಗ ಮಾಲನಬಿಯೇ ಹೇಳಿದಳು: "ಮೊದಲ ಇಬ್ಬರ ರಕ್ತ ನೋಡಿಸೂಣು. ಕಾಗದ ಬಂದ ಮ್ಯಾಲ ಸಕ್ಕರಿ ಹಂಚೂಣು."

"ಹೆಣ್ಣು ಕೊಡೂ ಮುಂದ ರಕ್ತ ಕೇಳೂ ಬೀಗತಿ ನೀ ಒಬ್ಬಾಕಿನ ನೋಡು" ಎಂದ ಅಣ್ಣ.

"ಗಂಡಿನದೂ ಕೊಡ್ತೀನೆಲ್ಲೋ ಯಣ್ಣಾ. ಬೇಕಾದ್ರ ನಿಂದೂ ಒಂದು ಹನಿ ಕೊಡು, ಕಡಿಮಿ ಆಗೂದಿಲ್ಲ."

ನಾಜಮೀನಳಲ್ಲಿ ಒಂದು ಮುರಿದ ದಬ್ಬಣ ಇತ್ತು. ಮುರ್ತುಜಾಸಾಬನಲ್ಲಿ ಇರಲಿಲ್ಲ. ಒಂದೇ ಕಡೆ ಇದ್ದರೆ ಮಕ್ಕಳಿಗೆ ಈ ದೊಡ್ಡ ಕಾಯಿಲೆ ಬರುವುದಿಲ್ಲ ಎಂದು ಡಾಕ್ಟರರು ಹೇಳಿದರು. ಮದುವೆ ನಡೆಯಿತು. ಇಬ್ಬರಲ್ಲೂ ಇದ್ದಿದ್ದರೆ ಮಾಲನಬಿ ಏನು ಮಾಡುತ್ತಿದ್ದಳೋ ಗೊತ್ತಿಲ್ಲ. ಆದರೆ ತಿಳಿದುಕೊಂಡು ಮಾಡುತ್ತಿದ್ದಳು.

ಜುಲೇಖಾಳ ಕಷ್ಟ ಮುಗಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ತಿಂಗಳು ತಿಂಗಳು ಹುಬ್ಬಳ್ಳಿಯ ದಾರಿ ಇತ್ತು. ಸೂಜಿ ಕಂಡರೆ ಕೂಸು ಅಳುತ್ತಿತ್ತು. ಓಣಿಯ ಕೆಲವು ಹೆಂಗಸರು ಇನ್ನೂ ನಳದ ಹತ್ತಿರ ದೂರ ನಿಲ್ಲುತ್ತಿದ್ದರು, ಅಂಟುವ ರೋಗವೇನೋ ಎಂದು. ಸಲಾವುದ್ದೀನ ಬಿಲ್ಲು ಹೊತ್ತು ಹೋದ ವಾರಗಳಲ್ಲಿ ಅವಳು ದವಾಖಾನೆಯ ಬೆಂಚಿನ ಮೇಲೆ ಹನಿ ಬೀಳುವುದನ್ನೇ ನೋಡುತ್ತಾ ಕೂಡುತ್ತಿದ್ದಳು. ಆದರೆ ಈಗ ತನ್ನ ಕೈಯನ್ನು ತಾನು ಬೈದುಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ ಮಾಲನಬಿ ಬುತ್ತಿ ಬಿಚ್ಚುತ್ತಾ, "ಮೊದಲು ನೀ ಉಣ್ಣು, ಕೂಸಿಗೆ ನಾ ನೋಡ್ತೀನಿ" ಎನ್ನುತ್ತಿದ್ದಳು.

ಇದನ್ನು ಓದುವ, ಓದಿಸಿ ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಕೂಸು ಹುಟ್ಟಿದಾಗ ಚೆನ್ನಾಗಿದ್ದು ಆರು ತಿಂಗಳ ಮೇಲೆ ಬಿಳಿಚಿಕೊಂಡರೆ, ಹೊಟ್ಟೆ ಉಬ್ಬಿದರೆ, ಕಬ್ಬಿಣದ ಔಷಧಿಗೆ ಬಗ್ಗದಿದ್ದರೆ ತ‌ಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಥಲಸ್ಸೀಮಿಯಾ ಮುಟ್ಟಿದರೆ ಬರುವುದಿಲ್ಲ, ಹಾಲಿನಿಂದ ಬರುವುದಿಲ್ಲ, ಯಾರ ಗಾದಿಯಿಂದಲೂ ಬರುವುದಿಲ್ಲ. ಅದು ಯಾವ ಜಾತಿಯ ಮನೆಗೂ ಬರಬಹುದು, ಸಂಬಂಧವಿಲ್ಲದವರ ಮದುವೆಯಲ್ಲೂ ಬರಬಹುದು. ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರ ರಕ್ತವನ್ನೂ ನೋಡಿಸಿ. ರಕ್ತಸಂಬಂಧವಾದರೆ ನೋಡಿಸದೆ ಮುಂದೆ ಹೆಜ್ಜೆ ಇಡಬೇಡಿ. ಮದುವೆಯಾಗಿದ್ದರೆ ಬಸುರಿಯಾದ ಮೊದಲ ತಿಂಗಳುಗಳಲ್ಲೇ ನರ್ಸಬಾಯಿಯನ್ನು ಕೇಳಿ.

ನಿಮ್ಮ ಓಣಿಯಲ್ಲಿ ಬಿಳಿಚಿಕೊಂಡ ಕೂಸಿನ ತಾಯಿ ಒಬ್ಬಳಿದ್ದರೆ ಅವಳಿಗೆ ಕಾರಣ ಹೇಳಲು ಹೋಗಬೇಡಿ. ಅವಳಿಗೆ ಈಗಾಗಲೇ ಬೇಕಾದಷ್ಟು ಕಾರಣ ಹೇಳಿರುತ್ತಾರೆ. ದವಾಖಾನೆಗೆ ಅವಳ ಜೊತೆಗೆ ಹೋಗಿ, ಅವಳ ಪಕ್ಕದ ಸೀಟಿನಲ್ಲೇ ಕುಳಿತುಕೊಳ್ಳಿ.